ಹೊಂಡ ತೋಡುವಾಗ ಹಳೇ ಎಲುಬು, ಹಲ್ಲು ಸಿಕ್ಕರೆ ಮಾಡಬೇಕಾದ್ದು

ನಮಸ್ಕಾರ ಅಣ್ಣಾವ್ರೆ. ಗೋಕಾಕ ತಾಲ್ಲೂಕಿನಲ್ಲಿ ಘಟಪ್ರಭಾ ದಂಡೆಯ ಹೊಲ, 21x21x3 ಮೀಟರಿನ ಕೃಷಿ ಹೊಂಡ, ಎಂಟು ಅಡಿಗೆ ಎರೆಮಣ್ಣು ಮುಗಿದು ಗರಸು ಶುರುವಾದಲ್ಲಿ ತೊಡೆ ಗಾತ್ರದ ಎಲುಬು, ಜೊತೆಗೆ ಅಂಗೈ ಅಗಲದ ಹಲ್ಲು. ಜೆಸಿಬಿಯವನು ತಾಸಿನ ಲೆಕ್ಕ ಹೇಳುತ್ತಿದ್ದಾನೆ, ಊರವರು ರಾಕ್ಷಸನ ಹಲ್ಲು ಅನ್ನುತ್ತಿದ್ದಾರೆ, ಸರ್ಕಾರದವರು ಹೊಲ ಹಿಡಿದುಕೊಳ್ಳುತ್ತಾರಾ ಎಂಬ ಹೆದರಿಕೆ ಬೇರೆ. ಫೋಟೋ ಹಾಕಿ ಈ ಗುಂಪಿನಲ್ಲಿ ನೀವು ಕೇಳಿದ್ದು ಇಷ್ಟು. ಒಂದೊಂದಾಗಿ ಹೇಳುತ್ತೇನೆ, ಉದ್ದವಾದರೂ ಪೂರ್ತಿ ಓದಿ.

ಮೊದಲು ಬಕೆಟ್ ಮೇಲೆತ್ತಿಸಿ, ಗಾಡಿಯನ್ನು ಹೊಂಡದಿಂದ ಹೊರಗೆ ತರಿಸಿ. ಜೆಸಿಬಿ ಏಳೆಂಟು ಟನ್ ತೂಗುತ್ತದೆ. ಹಸಿ ಗರಸಿನ ಮೇಲೆ ಅದು ಒಂದು ಸಲ ಹಾದರೆ ಒಂದಡಿ ಕೆಳಗಿರುವ ಎಲುಬೂ ಪುಡಿಯಾಗುತ್ತದೆ, ಮೇಲಿಂದ ನಿಮಗೆ ಕಾಣುವುದೂ ಇಲ್ಲ. ಬಾಡಿಗೆ ದಂಡವಾಗಬಾರದು ಅಂದರೆ ಎದುರಿನ ಮೂಲೆಯಲ್ಲಿ ಕೆಲಸ ಮಾಡಿಸಿ. ಆದರೆ ಎಲುಬು ಕಂಡಲ್ಲಿಂದ ಸುತ್ತ 15 ಅಡಿ ಬಿಟ್ಟೇ ಮಾಡಿಸಿ, ಅದೂ ಎರೆಮಣ್ಣು ಇರುವಷ್ಟು ಆಳಕ್ಕೆ ಮಾತ್ರ. ಗರಸಿನ ಬಣ್ಣ ಕಂಡ ಕೂಡಲೇ ಅಲ್ಲಿಯೂ ನಿಲ್ಲಿಸಬೇಕು. ನದಿ ತಂದು ಹಾಕಿದ ಪದರ ಅಂದಮೇಲೆ ಎಲುಬು ಒಂದೇ ಕಡೆ ಇರಬೇಕೆಂದಿಲ್ಲ.

ನಿಮ್ಮ ಸೀಮೆಗೆ ಇದು ಹೊಸದಲ್ಲ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಗೋಕಾಕದ ಹತ್ತಿರವೇ ಘೇಂಡಾಮೃಗದ ಪಳೆಯುಳಿಕೆ ಕಂಡು, 1874ರಲ್ಲಿ ಅದಕ್ಕೆ ರೈನಾಸೆರಸ್ ಡೆಕ್ಕನೆನ್ಸಿಸ್ ಎಂದು ಹೆಸರಿಟ್ಟು ಪ್ರಕಟಿಸಿದ್ದರು. ಈಗಿನ ಯಾದಗಿರಿ ಜಿಲ್ಲೆಯ ಇಸಾಂಪುರದಲ್ಲಿ ನೀರಾವರಿ ಕೆಲಸಕ್ಕೆ ಮೇಲಿನ ಮಣ್ಣು ತೆಗೆದಾಗ ಆದಿಮಾನವರ ಕಲ್ಲಿನ ಉಪಕರಣಗಳ ನೆಲೆ ಹೊರಬಿತ್ತು. ಅಲ್ಲಿ ಸಿಕ್ಕ ದನದ ಜಾತಿಯ ಪ್ರಾಣಿಯ ಹಲ್ಲಿನ ಎನಾಮಲ್ (ಹೊರಗಿನ ಗಟ್ಟಿ ಹೊದಿಕೆ) ಪರೀಕ್ಷಿಸಿದಾಗ ಸುಮಾರು 12 ಲಕ್ಷ ವರ್ಷದ ಲೆಕ್ಕ ಬಂತು. ನಮ್ಮ ರಾಜ್ಯದ ಬಹುಪಾಲು ನೆಲ ಪ್ರಾಣಿಗಳೇ ಹುಟ್ಟುವ ಮೊದಲಿನ ಕಲ್ಲು, ಅದರಲ್ಲಿ ಎಲುಬು ಹುಡುಕಿ ಉಪಯೋಗವಿಲ್ಲ. ದೊಡ್ಡ ಪ್ರಾಣಿಗಳ ಎಲುಬು ಸಿಗುವುದು ಕೃಷ್ಣಾ, ಘಟಪ್ರಭಾ, ಭೀಮಾ, ಮಾಂಜ್ರಾ ನದಿಗಳು ಹಾಕಿದ ಹಳೇ ಗರಸು, ರೇವೆಗಳಲ್ಲಿ. ಹಾಗಾಗಿ ಡೈನೋಸಾರ್ ಅಂತ ಯಾರಾದರೂ ವಾಟ್ಸಾಪಿಗೆ ಹಾಕಿದರೆ ನಂಬಬೇಡಿ. ಆನೆ, ಕಾಡುದನ, ಕುದುರೆ, ಘೇಂಡಾ, ನೀರಾನೆ, ಜಿಂಕೆ ಇವುಗಳ ಪೈಕಿ ಯಾವುದೋ ಇರಬೇಕು. 2020ರ ಅಕ್ಟೋಬರಿನಲ್ಲಿ ತಮಿಳುನಾಡಿನ ಪೆರಂಬಲೂರು ಜಿಲ್ಲೆಯ ಕುನ್ನಂ ಹತ್ತಿರ ಕೆರೆ ಹೂಳೆತ್ತುವಾಗ ಸಿಕ್ಕ ಗುಂಡುಕಲ್ಲುಗಳು ಡೈನೋಸಾರ್ ಮೊಟ್ಟೆ ಅಂತ ಸುದ್ದಿಯಾಗಿದ್ದವು. ತಿಳಿದವರು ನೋಡಿ, ಅದು ಅಮೋನೈಟ್ ಎಂಬ ಸಮುದ್ರಜೀವಿಗೆ ಸಂಬಂಧಿಸಿದ ಗಟ್ಟಿಮಣ್ಣಿನ ಉಂಡೆ ಅಂದರು.

ಈಗ, ಸಿಕ್ಕಿದ್ದು ನಿಜವಾಗಿ ಹಳೇ ಎಲುಬೋ ಅಲ್ಲವೋ ನೋಡುವುದು ಹೇಗೆ? ಎರೆಮಣ್ಣಿನ ಅಡಿಯಲ್ಲಿ ಸುಣ್ಣದ ಹರಳು ಬೇರಿನ ಸುತ್ತ ಗಟ್ಟಿಯಾಗಿ ಕೊಳವೆಯಂತೆ ಬೆಳೆದಿರುತ್ತದೆ, ಥೇಟ್ ಕಾಲೆಲುಬಿನ ಹಾಗೆ ಕಾಣುತ್ತದೆ. ಮುರಿದ ಬಾಯಿ ನೋಡಿ. ಎಲುಬಾದರೆ ಹೊರಗೆ ದಪ್ಪ ನುಣುಪಾದ ಗೋಡೆ, ಒಳಗೆ ಬ್ರೆಡ್ಡಿನಂತೆ ತೂತುತೂತಾದ ಜಾಲ. ಮೊಬೈಲ್ ಕ್ಯಾಮೆರಾ ಹತ್ತಿರ ಹಿಡಿದರೂ ಗೊತ್ತಾಗುತ್ತದೆ, 10 ಪಟ್ಟಿನ ಮಸೂರ ಇದ್ದರೆ ಇನ್ನೂ ಚೆನ್ನ. ಸುಣ್ಣದ ಹರಳಿನಲ್ಲಿ ಈ ಜಾಲ ಇರುವುದಿಲ್ಲ, ಒಳಗೆಲ್ಲ ಒಂದೇ ಸಮನೆ ಮುದ್ದೆ. ಕಲ್ಲಾದ ಎಲುಬು ಕೈಗೆ ತಣ್ಣಗೆ, ಗಾತ್ರಕ್ಕಿಂತ ಭಾರ. ಉದುರಿದ ಚೂರನ್ನು ಇನ್ನೊಂದು ಕಲ್ಲಿಗೆ ಮೆಲ್ಲಗೆ ತಾಗಿಸಿದರೆ ಟಣ್ ಅನ್ನುತ್ತದೆ. ಹತ್ತಿಪ್ಪತ್ತು ವರ್ಷದ ಹಿಂದೆ ಹೂತ ಎತ್ತಿನ ಎಲುಬಾದರೆ ಹಗುರ, ಚೂರಿಗೆ ಕಾಯಿಸಿದ ಸೂಜಿ ಮುಟ್ಟಿಸಿದರೆ ಕೂದಲು ಸುಟ್ಟ ವಾಸನೆ ಬರುತ್ತದೆ. ಅದೂ ಅಲ್ಲದೆ ದನ ಹೂತ ಗುಂಡಿಯ ಅಂಚು ಗೋಡೆಯಲ್ಲಿ ಬೇರೆ ಬಣ್ಣದಲ್ಲಿ ಕಾಣುತ್ತದೆ. ನಿಂಬೆರಸ, ಆಸಿಡ್ ಹಾಕಿ ನೊರೆ ಬರುತ್ತಾ ನೋಡಿ ಅಂತ ಗುಂಪಿನಲ್ಲಿ ಒಬ್ಬರು ಬರೆದಿದ್ದಾರೆ, ದಯವಿಟ್ಟು ಮಾಡಬೇಡಿ. ಎಲುಬಿನ ತೂತುಗಳಲ್ಲೂ ಸುಣ್ಣ ತುಂಬಿರುತ್ತದೆ, ನೊರೆ ಎರಡಕ್ಕೂ ಬರುತ್ತದೆ. ಗೊತ್ತಾಗುವುದೇನೂ ಇಲ್ಲ, ವಸ್ತು ಮಾತ್ರ ಹಾಳು.

ಹಲ್ಲು ಸುಳ್ಳು ಹೇಳುವುದಿಲ್ಲ, ಅಗಿಯುವ ಮೇಲ್ಮೈ ನೋಡಿದರೆ ಸಾಕು. ಆನೆಯದಾದರೆ ಚಪ್ಪಲಿ ಅಟ್ಟೆಯ ಮೇಲಿನ ಗೆರೆಗಳಂತೆ ಅಡ್ಡಡ್ಡ ಎನಾಮಲ್ ಪಟ್ಟಿಗಳು ಸಾಲಾಗಿರುತ್ತವೆ, ಒಂದು ಹಲ್ಲೇ ಇಟ್ಟಿಗೆಯಷ್ಟಿರಬಹುದು. ದನ, ಜಿಂಕೆಯದರಲ್ಲಿ ಬಾಲಚಂದ್ರನ ಆಕಾರದ ಗೆರೆಗಳು. ಕುದುರೆಯದು ಉದ್ದವಾಗಿ ಚೌಕ ಗೂಟದಂತೆ, ಮೇಲೆ ಸುರುಳಿ ಸುರುಳಿ ಗೆರೆ. ಘೇಂಡಾಮೃಗದ ಮೇಲ್ದವಡೆ ಹಲ್ಲಿನಲ್ಲಿ ಒಂದು ಉದ್ದ ಗೋಡೆಗೆ ಎರಡು ಅಡ್ಡಗೋಡೆ ಜೋಡಿಸಿದಂತೆ ಏಣು ಇರುತ್ತದೆ. ನಿಮ್ಮ ಫೋಟೋದಲ್ಲಿ ಮೇಲ್ಮೈ ಅರ್ಧ ಮಣ್ಣಿನಿಂದ ಮುಚ್ಚಿದೆ, ಅದಕ್ಕೇ ಇದು ಇಂಥದ್ದೇ ಅನ್ನುತ್ತಿಲ್ಲ. ಹಾಗಂತ ತೊಳೆಯಲು ಹೋಗಬೇಡಿ, ಕಾರಣ ಮುಂದೆ ಬರೆದಿದ್ದೇನೆ.

ಎಲ್ಲಕ್ಕಿಂತ ಮುಖ್ಯ ಅಳತೆ. ಎಲುಬು ಯಾವ ಪದರದಲ್ಲಿ, ಎಷ್ಟು ಆಳದಲ್ಲಿ, ಯಾವ ದಿಕ್ಕಿಗೆ ಮಲಗಿತ್ತು ಎಂಬುದು ಹೋಯಿತೆಂದರೆ ಅದರ ವಯಸ್ಸು ಹೇಳುವುದು ಕಷ್ಟ. ಕಿತ್ತು ಮನೆಗೆ ಒಯ್ದ ಎಲುಬು ಶೋಕೇಸಿಗೆ ಚೆಂದ, ಓದಲು ಬಾರದ ಕಾಗದ. ಹಾಗಾಗಿ ಮುಟ್ಟುವ ಮೊದಲೇ ಇಷ್ಟು ಮಾಡಿ. ಹೊಂಡದ ಮೇಲಂಚಿನಲ್ಲಿ ಎರಡು ಗೂಟ ಹೊಡೆದು ದಾರ ಬಿಗಿದು, ದಾರದಿಂದ ಎಲುಬಿನವರೆಗೆ ಟೇಪು ಬಿಟ್ಟು ಆಳ ಬರೆದುಕೊಳ್ಳಿ. ಎರಡು ಗೋಡೆಗಳಿಂದ ಎಷ್ಟು ದೂರ ಎಂಬುದನ್ನೂ ಅಳೆಯಿರಿ. ಮೊಬೈಲಿನಲ್ಲಿ ಲೊಕೇಶನ್ ತೆಗೆದು ಅಕ್ಷಾಂಶ, ರೇಖಾಂಶದ ಅಂಕಿಗಳನ್ನೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಆಮೇಲೆ ಫೋಟೋ: ಇಡೀ ಹೊಂಡ ಕಾಣುವಂತೆ ಒಂದು, ಆ ಗೋಡೆಯ ಪದರಗಳು ಮೇಲಿಂದ ಕೆಳಗಿನವರೆಗೆ ಕಾಣುವಂತೆ ಒಂದು, ನೇರ ಮೇಲಿನಿಂದ ಎಲುಬಿನದು ಒಂದು, ನಾಲ್ಕೂ ಪಕ್ಕದಿಂದ ಹತ್ತಿರದವು. ಪ್ರತಿಯೊಂದರಲ್ಲೂ ಪಕ್ಕದಲ್ಲಿ ಸ್ಕೇಲ್ ಇರಲಿ, ಉತ್ತರ ದಿಕ್ಕು ತೋರಿಸಲು ಒಂದು ಕಡ್ಡಿ ಇಡಿ. ಬೆಳಗ್ಗೆ ಅಥವಾ ಸಂಜೆ ಓರೆ ಬಿಸಿಲಿನಲ್ಲಿ ತೆಗೆದರೆ ಪದರಗಳು ಎದ್ದು ಕಾಣುತ್ತವೆ.

ಹೊಂಡಕ್ಕೆ ಇಳಿಯುವ ಮೊದಲು ಗೋಡೆ ನೋಡಿ. ಬಿರುಕುಬಿಟ್ಟ ಎರೆಮಣ್ಣಿನ ನೆಟ್ಟಗಿನ ಗೋಡೆ ಹೇಳದೆ ಕೇಳದೆ ಜಾರುತ್ತದೆ. ಇಳಿಯುವ ಕಡೆ ಎಷ್ಟು ಆಳವೋ ಅಷ್ಟೇ ಹಿಂದಕ್ಕೆ ಇಳಿಜಾರು ಮಾಡಿಸಿ, ಮೇಲೆ ಹಾಕಿದ ಮಣ್ಣಿನ ಗುಡ್ಡೆಯನ್ನು ಅಂಚಿನಿಂದ ಐದಡಿಯಾದರೂ ಹಿಂದೆ ಸರಿಸಿ. ಒಬ್ಬರೇ ಇಳಿಯಬೇಡಿ.

ಎಲುಬಿನ ದೊಡ್ಡ ಶತ್ರು ಬಿಸಿಲು. ಸಾವಿರಾರು ವರ್ಷ ಹಸಿಯಲ್ಲಿದ್ದದ್ದು ಒಮ್ಮೆಲೇ ಒಣಗಿದರೆ ತಾಸೆರಡು ತಾಸಿನಲ್ಲೇ ಉದ್ದುದ್ದ ಸೀಳುತ್ತದೆ. ಆನೆಯ ದಂತವಂತೂ ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ. ಮೊದಲು ಒದ್ದೆ ಟಿಶ್ಯೂ ಪೇಪರ್ ಎರಡು ಪದರ ಹೊದಿಸಿ, ಅದರ ಮೇಲೆ ಹಿಂಡಿದ ಗೋಣಿಚೀಲ, ಅದರ ಮೇಲೆ ಅರ್ಧ ಅಡಿ ಜರಡಿ ಹಿಡಿದ ಉಸುಕು. ಎರೆಮಣ್ಣಿನಿಂದ ಮುಚ್ಚಬೇಡಿ. ಅದು ನೀರು ಕುಡಿದು ಉಬ್ಬಿ, ಒಣಗಿ ಬಿರಿಯುವಾಗ ಎಲುಬನ್ನೂ ಜೊತೆಗೆ ಎಳೆದು ಮುರಿಯುತ್ತದೆ. ಮಳೆ ಲಕ್ಷಣ ಇದ್ದರೆ ಸುತ್ತ ಒಂದಡಿ ಬದು ಹಾಕಿ, ತಾಡಪತ್ರಿಯನ್ನು ಗೂಟಗಳ ಮೇಲೆ ಎತ್ತರಕ್ಕೆ ಕಟ್ಟಿ, ಗಾಳಿ ಆಡಲಿ. ನೇರ ಮೈಮೇಲೆ ಪ್ಲಾಸ್ಟಿಕ್ ಬಿಗಿದರೆ ಒಳಗೆ ಬೆವರಿ ಬೂಸಲು ಹಿಡಿಯುತ್ತದೆ. ಹೊಂಡದ ಇನ್ನೊಂದು ಮೂಲೆಯಲ್ಲಿ ಒಂದು ತಗ್ಗು ಮಾಡಿಟ್ಟರೆ ನಿಂತ ನೀರು ಅಲ್ಲಿಗೆ ಇಳಿಯುತ್ತದೆ, ಅಲ್ಲಿಂದ ಪಂಪ್ ಹಚ್ಚಬಹುದು.

ಈಗಾಗಲೇ ಬಕೆಟ್ಟಿನಲ್ಲಿ ಕಿತ್ತು ಬಂದ ಚೂರುಗಳ ವಿಷಯ. ಒಂದನ್ನೂ ಎಸೆಯಬೇಡಿ, ಒಂದಕ್ಕೊಂದು ಕೂಡಿಸಿ ನೋಡಲು ಉಜ್ಜಬೇಡಿ. ಅಂಚು ಸವೆದರೆ ಮುಂದೆ ಜೋಡಿಸುವವರಿಗೂ ಕೂಡುವುದಿಲ್ಲ. ಅಂಟಿದ ಮಣ್ಣು ಸಮೇತ ಟಿಶ್ಯೂದಲ್ಲಿ ಸುತ್ತಿ, ಒಂದೊಂದು ಬೇರೆ ಬೇರೆ ಹಾಳೆಯಲ್ಲಿ ಕಟ್ಟಿ, ನಂಬರ್ ಮತ್ತು ತಾರೀಖು ಪೆನ್ಸಿಲಿನಲ್ಲಿ ಬರೆದ ಚೀಟಿ ಇಟ್ಟು, ನೆರಳಿನಲ್ಲಿ ನಿಧಾನವಾಗಿ ಆರಲು ಬಿಡಿ. ಹಲ್ಲಿನ ಜೊತೆ ಅದಕ್ಕೆ ತಾಗಿಯೇ ಇದ್ದ ಮಣ್ಣು ಎರಡು ಬೊಗಸೆ ಬೇರೆ ಜಿಪ್ ಕವರಿನಲ್ಲಿ ತೇವ ಹೋಗದಂತೆ ಮುಚ್ಚಿಡಿ. ತೊಳೆಯಬೇಡಿ ಅಂದಿದ್ದು ಇದಕ್ಕೇ. ಹಲ್ಲಿನ ಎನಾಮಲ್‌ನಿಂದ ವಯಸ್ಸು ತೆಗೆಯುವಾಗ ಸುತ್ತಲಿನ ಮಣ್ಣಿನಿಂದ ಅದಕ್ಕೆ ಎಷ್ಟು ವಿಕಿರಣ ಬಿದ್ದಿದೆ ಎಂದು ಲೆಕ್ಕ ಹಾಕುತ್ತಾರೆ, ಮಣ್ಣಿನ ತೇವವೂ ಆ ಲೆಕ್ಕಕ್ಕೆ ಬೇಕು. ಮಣ್ಣು ಹೋದರೆ ಅರ್ಧ ಪುರಾವೆ ಹೋಯಿತು.

ಗರಸಿನ ಗುಡ್ಡೆಯನ್ನು ರಸ್ತೆಗೋ ಮನೆ ಬುನಾದಿಗೋ ಟ್ರ್ಯಾಕ್ಟರಿನಲ್ಲಿ ಕಳಿಸಬೇಡಿ. ಈಗಾಗಲೇ ಎರಡು ಟ್ರಿಪ್ ಹೋಗಿದೆ ಅಂದಿರಿ, ಎಲ್ಲಿ ಸುರಿದಿದ್ದಾರೋ ಇವತ್ತೇ ವಿಚಾರಿಸಿ, ಹರಡದಂತೆ ಹೇಳಿ. ಉಳಿದ ಗುಡ್ಡೆಯನ್ನು 5 ಮಿಲಿಮೀಟರ್ ಜರಡಿಯಲ್ಲಿ ಹಿಡಿದರೆ ಹಲ್ಲಿನ ಚೂರು, ಬೆರಳೆಲುಬು ಸಿಗುತ್ತವೆ. ಆಗ ಕಲ್ಲುಗಳ ಮೇಲೂ ಕಣ್ಣಿಡಿ. ಘಟಪ್ರಭಾ ಗರಸಿನಲ್ಲಿ ಬೆಣಚುಕಲ್ಲಿನ ಕೈಗೊಡಲಿಗಳು ಸಿಗುತ್ತವೆ, ಬಾಗಲಕೋಟೆ ಕಡೆಯ ಅನಗವಾಡಿ ಅದಕ್ಕೇ ಹೆಸರಾದ ಜಾಗ. ಬಾದಾಮಿ ಬೀಜದ ಆಕಾರ, ಎರಡೂ ಮುಖದಲ್ಲಿ ಚಕ್ಕೆ ಹಾರಿಸಿದ ಗುರುತು ಇದ್ದರೆ ಅದು ಮನುಷ್ಯನ ಕೈಕೆಲಸ, ಎತ್ತಿಡಿ.

ಅಂಟು ಹಚ್ಚಬೇಡಿ. ಫೆವಿಕಾಲ್ ಮೇಲಷ್ಟೇ ಸಿಪ್ಪೆಯಾಗಿ ನಿಂತು, ಒಣಗುವಾಗ ಕುಗ್ಗಿ ಎಲುಬಿನ ತೊಗಟೆಯನ್ನೇ ಎಬ್ಬಿಸುತ್ತದೆ. ಫೆವಿಕ್ವಿಕ್, ಅರಾಲ್ಡೈಟ್ ಹಚ್ಚಿದ್ದನ್ನು ಬಿಡಿಸುವುದು ಪ್ರಯೋಗಾಲಯದವರಿಗೂ ಹೈರಾಣು. ಅವರು ಬಳಸುವುದು ಪ್ಯಾರಾಲಾಯ್ಡ್ ಬಿ-72 ಎಂಬ ರಾಳ, ಅಸಿಟೋನ್ ದ್ರವದಲ್ಲಿ ತೆಳ್ಳಗೆ ಕರಗಿಸಿ ಹಚ್ಚುತ್ತಾರೆ. ಅದೂ ಒಣ ಎಲುಬಿಗೆ ಮಾತ್ರ, ಹಸಿಯ ಮೇಲೆ ಬೆಳ್ಳಗೆ ಒಡೆಯುತ್ತದೆ. ಆ ಕೆಲಸ ಅವರಿಗೇ ಬಿಡಿ.

ಎತ್ತುವುದೂ ಅಷ್ಟೆ, ನೀವು ಎತ್ತಬೇಡಿ. ತಜ್ಞರು ಹೇಗೆ ಎತ್ತುತ್ತಾರೆ ಎಂದು ಗೊತ್ತಿದ್ದರೆ ಯಾಕೆ ಬೇಡ ಅಂದೆ ಎಂಬುದು ತಿಳಿಯುತ್ತದೆ. ಎಲುಬಿನ ಸುತ್ತ ಕಾಲುವೆ ತೆಗೆದು, ಅದು ಮಣ್ಣಿನ ಕಟ್ಟೆಯ ಮೇಲೆ ಅಣಬೆಯ ಹಾಗೆ ನಿಲ್ಲುವಂತೆ ಮಾಡುತ್ತಾರೆ. ಒದ್ದೆ ಟಿಶ್ಯೂ ಹೊದಿಸಿ, ನಾಲ್ಕಿಂಚು ಅಗಲದ ಗೋಣಿಪಟ್ಟಿಗಳನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಅದ್ದಿ ಮೂರು ನಾಲ್ಕು ಪದರ ಸುತ್ತಿ, ಉದ್ದನೆಯದಾದರೆ ಬಿದಿರು ದಬ್ಬೆ ಕೊಟ್ಟು ಬಿಗಿಯುತ್ತಾರೆ. ಪ್ಲಾಸ್ಟರ್ ಪೂರಾ ಗಟ್ಟಿಯಾದ ಮೇಲೆ ಅಡಿಯ ಮಣ್ಣು ಕೊರೆದು ಒಂದೇ ಏಟಿಗೆ ಮಗುಚಿ ಹಾಕಿ, ತಳಕ್ಕೂ ಪಟ್ಟಿ ಹಾಕುತ್ತಾರೆ. ಟಿಶ್ಯೂ ಮರೆತರೆ ಪ್ಲಾಸ್ಟರ್ ಎಲುಬಿಗೇ ಕಚ್ಚುತ್ತದೆ. ಅಡಿ ಸರಿಯಾಗಿ ಕೊರೆಯದೆ ಮಗುಚಿದರೆ ಎಲುಬು ಕೆಳಗೇ ಉಳಿದು ಖಾಲಿ ಚಿಪ್ಪು ಕೈಗೆ ಬರುತ್ತದೆ.

ಯಾರಿಗೆ ತಿಳಿಸಬೇಕು? ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಕರ್ನಾಟಕ-ಗೋವಾ ಕಚೇರಿ ಬೆಂಗಳೂರಿನ ಕುಮಾರಸ್ವಾಮಿ ಲೇಔಟಿನಲ್ಲಿದೆ, ಅಲ್ಲಿಗೆ ಬರೆಯಿರಿ. ಪ್ರತಿಯನ್ನು ತಹಶೀಲ್ದಾರರಿಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಕಲ್ಲಿನ ಆಯುಧ ಸಿಕ್ಕಿದ್ದರೆ ರಾಜ್ಯದ ಪುರಾತತ್ವ ಇಲಾಖೆಗೂ ಒಂದು ಪ್ರತಿ. ಪುಣೆಯ ಡೆಕ್ಕನ್ ಕಾಲೇಜು ಈ ನದಿಗಳ ಮೇಲೆ ದಶಕಗಳಿಂದ ಕೆಲಸ ಮಾಡಿದೆ, ನಿಮಗೆ ಧಾರವಾಡದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗವೂ ಹತ್ತಿರ. ಕಾಗದದಲ್ಲಿ ಕಥೆ ಬೇಡ. ಸರ್ವೆ ನಂಬರ್, ಸಿಕ್ಕ ತಾರೀಖು, ಆಳ, ಪದರ, ಎಷ್ಟು ತುಂಡು, ಈಗ ಹೇಗೆ ಮುಚ್ಚಿಟ್ಟಿದ್ದೀರಿ, ಎಷ್ಟು ದಿನ ಕೆಲಸ ನಿಲ್ಲಿಸಬಲ್ಲಿರಿ, ಆರು ಫೋಟೋ. ಇಷ್ಟಿದ್ದರೆ ಓದುವವರಿಗೆ ಬರಬೇಕೋ ಬೇಡವೋ ತೀರ್ಮಾನಿಸಲು ಅನುಕೂಲ. ಮನುಷ್ಯನ ತಲೆಬುರುಡೆಯಂಥದ್ದು ಕಂಡರೆ ಮಾತ್ರ ಮೊದಲು ಪೊಲೀಸ್ ಠಾಣೆಗೆ.

ಹೊಲದ ಹೆದರಿಕೆ ಬಗ್ಗೆ: ಪಳೆಯುಳಿಕೆಯೂ ಸೇರಿದಂತೆ ಭೂಪರಂಪರೆಯ ತಾಣ, ವಸ್ತುಗಳನ್ನು ಕಾಪಾಡಲೆಂದು 2022ರ ಡಿಸೆಂಬರಿನಲ್ಲಿ ಕೇಂದ್ರ ಗಣಿ ಸಚಿವಾಲಯ ಒಂದು ಕರಡು ಮಸೂದೆ ಹೊರಡಿಸಿತ್ತು, ಅದು ಕರಡು ಮಾತ್ರ. ನಾಲ್ಕು ಎಲುಬು ಸಿಕ್ಕಿತೆಂದು ಹೊಲ ಕೈಬಿಟ್ಟು ಹೋಗುವುದಿಲ್ಲ. ನೋಡಿ, ಅಳೆದು, ಎತ್ತಿಕೊಂಡು, ಗುಂಡಿ ಮುಚ್ಚುವುದು ರೂಢಿ. ನಾಣ್ಯ, ವಿಗ್ರಹ, ಒಡವೆ ಸಿಕ್ಕರೆ ಮಾತ್ರ ಬೇರೆ ಮಾತು, ಅದಕ್ಕೆ 1962ರ ಕರ್ನಾಟಕದ ನಿಧಿ ಕಾಯ್ದೆ ಇದೆ, ಮುಚ್ಚಿಡುವ ಹಾಗೇ ಇಲ್ಲ. ಎಲುಬು ಕೊಳ್ಳುತ್ತೇನೆ ಅಂತ ಯಾರಾದರೂ ಬಂದರೆ ಕೊಡಬೇಡಿ. ತಜ್ಞರ ಕೈಗೆ ಕೊಡುವಾಗಲೂ ತುಂಡುಗಳ ಪಟ್ಟಿ ಮಾಡಿ ಸಹಿ ಮಾಡಿಸಿಕೊಳ್ಳಿ, ಸಿಕ್ಕ ಜಾಗದ ಜೊತೆ ನಿಮ್ಮ ಹೆಸರು ಬರೆಯಬೇಕೆಂದು ಕೇಳಿ.

ಹೊಂಡವನ್ನು ಪಕ್ಕಕ್ಕೆ ಸರಿಸುವ ಯೋಚನೆ ಇದ್ದರೆ ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಸಹಾಯಧನದ ಅರ್ಜಿಗೆ ಹಳೇ ಜಾಗದ ಜಿಪಿಎಸ್ ಫೋಟೋ ಸೇರಿದ್ದರೆ ಬದಲಿಸಿಕೊಳ್ಳದೆ ಬೇರೆ ಕಡೆ ತೋಡಿದಾಗ ಬಿಲ್ಲಿಗೆ ತೊಂದರೆ. ಕಾದು ನೋಡುವುದಾದರೆ ಪಾಲಿಥಿನ್ ಹಾಳೆ ಹಾಸುವುದನ್ನು ಮುಂದೂಡಿ.

ನಾಳೆ ಬೆಳಗ್ಗೆ ಹಲ್ಲಿನ ಮೇಲಿನ ಸಡಿಲ ಮಣ್ಣನ್ನು ಮೆತ್ತನೆಯ ಪೇಂಟ್ ಬ್ರಷ್‌ನಿಂದ ಮಾತ್ರ ಸರಿಸಿ, ಅಗಿಯುವ ಮೇಲ್ಮೈಯ ಫೋಟೋ ಸ್ಕೇಲ್ ಸಮೇತ ಇಲ್ಲಿ ಹಾಕಿ. ಎಲುಬಿನ ಕೀಲಿನ ತುದಿ ಕಾಣುತ್ತಿದ್ದರೆ ಅದರದ್ದೂ ಒಂದು. ನೋಡಿ, ಯಾವ ಪ್ರಾಣಿಯ ಗುಂಪು ಎಂಬಷ್ಟನ್ನಾದರೂ ಹೇಳುತ್ತೇನೆ. ಸರ್ವೆ ನಂಬರ್, ಲೊಕೇಶನ್ ಗುಂಪಿನಲ್ಲಿ ಹಾಕಬೇಡಿ, ರಾತ್ರೋರಾತ್ರಿ ಅಗೆಯಲು ಬರುವವರು ಇರುತ್ತಾರೆ.