ಮಗಳ ಜೊತೆ ನಾನೂ ಟೇಕ್ವಾಂಡೋ ಕ್ಲಾಸಿಗೆ ಸೇರಬಹುದಾ? ವಯಸ್ಸು ನಲವತ್ತರ ಹತ್ತಿರ

ಧಾರಾಳವಾಗಿ ಸೇರಿ. ಮಂಗಳೂರಿನಲ್ಲಿ ಮಗಳನ್ನು ಕ್ಲಾಸಿಗೆ ಬಿಟ್ಟು ಹೊರಗೆ ಸುಮ್ನೆ ಮೊಬೈಲ್ ಒತ್ತುತ್ತಾ ಕೂರುವ ಬದಲು ನಾನೂ ಕಲಿತರೆ ಏನು ಲಾಭ, ಮಂಡಿಗೆ ಏನಾದರೂ ಆಗುತ್ತದಾ ಅಂತ ಕೇಳಿದ್ದೀರಿ. ನಾನು ಉಡುಪಿಯವನು, ಕೆಲಸಕ್ಕೆ ಸೇರಿ ಹೊಟ್ಟೆ ಬಂದ ಮೇಲೆ ಕಲಿಯಲು ಶುರು ಮಾಡಿದವನು.

ನಮ್ಮ ಕಡೆ ಬಿಳಿ ಡ್ರೆಸ್ ಹಾಕಿದವರೆಲ್ಲ ಕರಾಟೆಯವರೇ, ಅಲ್ವಾ? ಕರಾಟೆ ಜಪಾನಿನದು, ಇದು ಕೊರಿಯಾದ್ದು, ಇಲ್ಲಿ ಕಾಲಿಗೆ ಕೆಲಸ ಜಾಸ್ತಿ. ಒಲಿಂಪಿಕ್ಸ್ ಮಾದರಿಯ ಪಂದ್ಯದಲ್ಲಿ ಎದೆಗವಚಕ್ಕೆ ಗುದ್ದಿದರೆ 1 ಪಾಯಿಂಟ್, ಒದ್ದರೆ 2, ತಲೆಗೆ ಒದ್ದರೆ 3, ತಿರುಗಿ ಒದ್ದರೆ ಇನ್ನೂ ಹೆಚ್ಚು. ಮುಖಕ್ಕೆ ಗುದ್ದುವ ಹಾಗಿಲ್ಲ. 1988ರಲ್ಲಿ ಸಿಯೋಲ್‌ನಲ್ಲಿ ಪ್ರದರ್ಶನ ಪಂದ್ಯವಾಗಿ ಬಂತು, 2000ದ ಸಿಡ್ನಿಯಿಂದ ಪದಕದ ಆಟ.

ಈಗ ನಿಮ್ಮ ಮಂಡಿ. ಕ್ಲಾಸಿನಲ್ಲಿ ದಿನಾ ಮಾಡಿಸುವ ಒದೆತ ದೊಲ್ಯೋ ಚಾಗಿ, ಅಂದರೆ ಪಕ್ಕದಿಂದ ಕಾಲು ಬೀಸಿ ಒದೆಯುವುದು. ಮೊದಲು ಮಂಡಿ ಎತ್ತಬೇಕು, ಆಮೇಲೆ ನೆಲದಲ್ಲಿರುವ ಕಾಲಿನ ಹಿಮ್ಮಡಿ ಎದುರಾಳಿಯ ಕಡೆ ತಿರುಗಬೇಕು, ಅದರ ಜೊತೆ ಸೊಂಟ ಮಗುಚಬೇಕು, ಕೊನೆಗೆ ಪಾದದ ಮೇಲ್ಭಾಗ ಹೋಗಿ ಬಡಿಯಬೇಕು, ಬಡಿದ ಕೂಡಲೇ ಮಂಡಿ ಮಡಚಿ ವಾಪಸ್. ದೊಡ್ಡವರು ಮೇಲೆ ಹೋಗುವ ಕಾಲನ್ನೇ ನೋಡುತ್ತಾರೆ, ನೆಲದ ಕಾಲು ತಿರುಗಿಸುವುದೇ ಇಲ್ಲ. ಆಗ ಆ ತಿರುಚು ಪೂರ್ತಿ ಮಂಡಿಗೆ ಬೀಳುತ್ತದೆ. ಯಕ್ಷಗಾನ ಬಯಲಾಟದಲ್ಲಿ ಗಿರಗಿರ ತಿರುಗುತ್ತಾ ಧೀಂಗಿಣ ಹಾಕುವವರ ಪಾದ ನೋಡಿ, ತಿರುಗುವುದು ಅಲ್ಲಿಂದಲೇ. ಮನೆಯಲ್ಲಿ ಕಿಟಕಿಯ ಸರಳು ಹಿಡಿದು ನಿಧಾನವಾಗಿ ಇದನ್ನೇ ಮಾಡಿ, ಸೊಂಟದ ಎತ್ತರ ಸಾಕು. ತಲೆಯ ಎತ್ತರ ಬರದಿದ್ದರೆ ಏನೂ ನಷ್ಟವಿಲ್ಲ. ಹಳೆಯ ಮಂಡಿ ನೋವು ಇದ್ದರೆ ಮಾತ್ರ ಡಾಕ್ಟರನ್ನು ಕೇಳಿಯೇ ಸೇರಿ.

ಲಾಭ ಅಂದರೆ, ಕುರ್ಚಿಯಲ್ಲಿ ಕೂತು ಬಿಗಿದುಹೋದ ಸೊಂಟ ಸಡಿಲವಾಗುತ್ತದೆ, ಒಂದು ಕಾಲಿನಲ್ಲಿ ನಿಲ್ಲುವ ಹಿಡಿತ ಬರುತ್ತದೆ. ನನಗೆ ಒದೆತಕ್ಕಿಂತ ಪೂಮ್ಸೆ ಹೆಚ್ಚು ಹಿಡಿಸಿತು. ಎದುರಾಳಿ ಇಲ್ಲದೆ ಒಬ್ಬರೇ ಕ್ರಮವಾಗಿ ಮಾಡುವ ವರಸೆ ಅದು, ಬ್ಲ್ಯಾಕ್ ಬೆಲ್ಟಿಗೆ ಮೊದಲು ಟೇಗುಕ್ ಅನ್ನುವ 8 ಇವೆ. ಮೊದಲನೆಯದು ನೋಡಲು ಸುಲಭ, ಆದರೆ ಅದರಲ್ಲಿ ನಡೆಯುವಂತೆ ನಿಲ್ಲುವ ಸಣ್ಣ ಹೆಜ್ಜೆ, ಮುಂದಿನ ಮಂಡಿ ಬಗ್ಗಿಸುವ ಉದ್ದ ಹೆಜ್ಜೆ ಎರಡೂ ಬರುತ್ತವೆ, ಹೊಸಬರದ್ದು ಎರಡೂ ಒಂದೇ ಥರ ಕಾಣುತ್ತದೆ. ಅದನ್ನು ಸರಿ ಮಾಡುವ ಹೊತ್ತಿಗೆ ಆಫೀಸು, ಇಎಂಐ ಯಾವುದೂ ತಲೆಯಲ್ಲಿ ಇರುವುದಿಲ್ಲ. ಆತ್ಮರಕ್ಷಣೆ ಅಂತ ಮಾತ್ರ ಸೇರಬೇಡಿ. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಮೂವರು ಮೈಮೇಲೆ ಬಿದ್ದರೆ ಯಾವ ಬೆಲ್ಟೂ ಆಗಿ ಬರುವುದಿಲ್ಲ, ಓಡುವುದೇ ವಾಸಿ.

ಕ್ಲಾಸ್ ಹೇಗಿದೆ ಅಂತ ತಿಳಿಯಲು ಬೆಲ್ಟ್ ಟೆಸ್ಟಿನ ಬಗ್ಗೆ ಕೇಳಿ. ಎಷ್ಟು ಸಮಯಕ್ಕೊಮ್ಮೆ, ಫೀಸು ಎಷ್ಟು, ಯಾರಾದರೂ ಫೇಲ್ ಆದದ್ದು ಉಂಟಾ? ಎಲ್ಲರೂ ಪ್ರತಿ ಸಲ ಪಾಸು ಅಂದರೆ ನನಗೆ ಅನುಮಾನ. ಬ್ಲ್ಯಾಕ್ ಬೆಲ್ಟ್ ಸರ್ಟಿಫಿಕೇಟ್ ಸಿಯೋಲ್‌ನ ಕುಕ್ಕಿವಾನ್‌ನದಾ ಅಂತಲೂ ಕೇಳಿ. ಅದು ಟೇಕ್ವಾಂಡೋದ ಮುಖ್ಯ ಕೇಂದ್ರ. 15 ವರ್ಷದೊಳಗಿನ ಮಕ್ಕಳಿಗೆ ಅವರು ಕೊಡುವುದು ದೊಡ್ಡವರ ಬ್ಲ್ಯಾಕ್ ಬೆಲ್ಟ್ ದರ್ಜೆಯಾದ ಡಾನ್ ಅಲ್ಲ, ಮಕ್ಕಳ ದರ್ಜೆಯಾದ ಪೂಮ್. ನಿಮ್ಮ ಮಗಳದ್ದು ಹಾಗೆ ಬಂದರೆ ಗಾಬರಿ ಬೇಡ.

ಡೊಬೊಕ್, ಅಂದರೆ ಆ ಬಿಳಿ ಡ್ರೆಸ್, ಎರಡು ಜೊತೆ ತೆಗೆದುಕೊಳ್ಳಿ, ಜುಲೈಯಲ್ಲಿ ಒಂದು ಒಣಗುವುದೇ ಇಲ್ಲ. ಮಳೆಗಾಲದಲ್ಲಿ ಮ್ಯಾಟ್ ಬೆವರಿಗೆ, ತೇವಕ್ಕೆ ಜಾರುತ್ತದೆ, ಬಟ್ಟೆಯಿಂದ ಒರೆಸಿಯೇ ಶುರು ಮಾಡಿ. ಸ್ಪಾರಿಂಗ್, ಅಂದರೆ ಇಬ್ಬರು ಎದುರುಬದುರಾಗಿ ಕಾದಾಡುವ ಅಭ್ಯಾಸ, ಮಾತ್ರ ಮಗಳ ಬ್ಯಾಚಿನ ಮಕ್ಕಳ ಜೊತೆ ಬೇಡ, ನಿಮ್ಮ ತೂಕದ ದೊಡ್ಡವರು ಇದ್ದಾರಾ ಅಂತ ಮೊದಲೇ ವಿಚಾರಿಸಿ. ಇಲ್ಲದಿದ್ದರೆ ಪೂಮ್ಸೆ ಮತ್ತು ಪ್ಯಾಡಿಗೆ ಒದೆಯುವುದು ಸಾಕು.