ಪ್ರತಿಕ್ರಿಯೆ: ಸ್ನೇಕ್ ಪ್ಲಾಂಟ್ ಬುಡ ಮೆತ್ತಗಾಗಿದ್ದರೆ
ಹಳದಿ ಅಂಚಿನ ಸ್ನೇಕ್ ಪ್ಲಾಂಟ್‌ಗೆ ದಿನಾ ನೀರು ಹಾಕಿದರೂ ಎಲೆ ಬಾಡಿ ಬುಡ ಮೆತ್ತಗಾಗುತ್ತಿದೆ ಎಂದಿದ್ದೀರಿ. ತೊಂದರೆ ಆ ದಿನನಿತ್ಯದ ನೀರೇ. ಅದು ದಪ್ಪ ಎಲೆಗಳಲ್ಲೇ ನೀರು ಕೂಡಿಟ್ಟುಕೊಳ್ಳುವ ಗಿಡ. ಸದಾ ಒದ್ದೆಯಾದ ಮಣ್ಣಿನಲ್ಲಿ ಗಾಳಿ ಸಿಗದೆ ಬೇರು ಕೊಳೆಯುತ್ತದೆ.

ಇವತ್ತೇ ಕುಂಡದಿಂದ ಹೊರತೆಗೆಯಿರಿ. ಕಂದಾಗಿ ಕೊಳೆತ ಬೇರು, ಗಡ್ಡೆಗಳನ್ನು ಶುಚಿಯಾದ ಚಾಕುವಿನಿಂದ ಕತ್ತರಿಸಿ, ಗಾಯ ಒಣಗಲು 2-3 ದಿನ ನೆರಳಿನಲ್ಲಿಡಿ. ಆಮೇಲೆ ದಪ್ಪ ಮರಳು ಅಥವಾ ಪರ್ಲೈಟ್ (ಮಣ್ಣು ಸಡಿಲವಾಗಿಸುವ ಹಗುರ ಬಿಳಿ ಹರಳು) ಧಾರಾಳವಾಗಿ ಬೆರೆಸಿದ ಹೊಸ ಮಣ್ಣಿನಲ್ಲಿ ನೆಡಿ. ಕುಂಡದ ತಳದಲ್ಲಿ ತೂತಿರಲೇಬೇಕು. ಮಣ್ಣು ಪೂರ್ತಿ ಒಣಗಿದ ಮೇಲಷ್ಟೇ ನೀರು.

ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ: ಎಲೆ ತುಂಡು ನೆಟ್ಟರೆ ಬರುವ ಮರಿಗಳಲ್ಲಿ ಹಳದಿ ಅಂಚು ಇರುವುದಿಲ್ಲ, ಬರೀ ಹಸಿರು. ಗಟ್ಟಿಯಾಗಿ ಉಳಿದ ಗಡ್ಡೆ ಚಿಕ್ಕದಿದ್ದರೂ ಎಸೆಯದೆ ನೆಡಿ. ಆ ಚೆಂದದ ಅಂಚು ಉಳಿಯುವುದು ಅದರ ಚಿಗುರಿನಲ್ಲಿ.