ಮಂಡಿ ಹಿಂದಿನ ರಕ್ತನಾಳ ಒತ್ತಿಹೋಗಿದೆ, ಸ್ಟೆಂಟ್ ಸಾಲದೇ?

ಪ್ರಶ್ನೆ: ನನಗೆ 24 ವರ್ಷ, ಓಟಗಾರ. ಸ್ವಲ್ಪ ದೂರ ಓಡಿದರೆ ಬಲಗಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ, ಪಾದ ಜೋಮು ಹಿಡಿಯುತ್ತದೆ. ನಿಂತರೆ ಐದು ನಿಮಿಷದಲ್ಲಿ ಸರಿಹೋಗುತ್ತದೆ. ಮಂಡಿ ಹಿಂದಿನ ರಕ್ತನಾಳವನ್ನು ಸ್ನಾಯು ಒತ್ತುತ್ತಿದೆ, ಆಪರೇಷನ್ ಬೇಕು ಎಂದಿದ್ದಾರೆ. ಹೃದಯಕ್ಕೆ ಹಾಕುವ ಹಾಗೆ ಸ್ಟೆಂಟ್ ಹಾಕಿಸಿದರೆ ಆಗುವುದಿಲ್ಲವೇ?

ಉತ್ತರ: ಆಗುವುದಿಲ್ಲ. ಹೃದಯದಲ್ಲಿ ರಕ್ತನಾಳ ಒಳಗಿನಿಂದ ಕಟ್ಟಿಕೊಂಡಿರುತ್ತದೆ. ನಿಮ್ಮದು ಹೊರಗಿನ ಒತ್ತಡ. ಸ್ಟೆಂಟ್ ಹಾಕಿದರೂ ಸ್ನಾಯು ಅದನ್ನು ಒತ್ತುತ್ತಲೇ ಇರುತ್ತದೆ. ಮಂಡಿ ದಿನವಿಡೀ ಮಡಚುವ ಜಾಗ ಬೇರೆ. ಕೊನೆಗೆ ಸ್ಟೆಂಟ್ ಜಜ್ಜಿಹೋಗಬಹುದು, ಮುರಿಯಲೂಬಹುದು.

ಸಾಮಾನ್ಯವಾಗಿ ಇದು ಹುಟ್ಟಿನಿಂದ ಬಂದ ತೊಂದರೆ. ಮೀನಖಂಡದ ಸ್ನಾಯುವಿನ ಒಳಬದಿಯ ತಲೆ (ಮೂಳೆಗೆ ಅಂಟಿಕೊಳ್ಳುವ ಮೇಲ್ತುದಿ) ಅಥವಾ ರಕ್ತನಾಳ ತನ್ನ ಜಾಗ ಬಿಟ್ಟು ಬೆಳೆದಿರುತ್ತದೆ. ರಚನೆ ಸರಿಯಿದ್ದೂ ಸ್ನಾಯು ಜಾಸ್ತಿ ದಪ್ಪವಾಗಿ ಒತ್ತುವುದೂ ಉಂಟು. ಹೀಗಾಗಿ ಒಂದು ವಿಷಯ ಕೇಳಿಕೊಳ್ಳಿ: ಸ್ಕ್ಯಾನ್ ಮಾಡುವಾಗ ಪಾದವನ್ನು ಕೆಳಕ್ಕೆ ಬಲವಾಗಿ ಒತ್ತಿಸಿದ್ದರೇ? ಸುಮ್ನೆ ಮಲಗಿದ್ದಾಗ ತೆಗೆದರೆ ಎಲ್ಲವೂ ಸರಿಯಿದ್ದಂತೆ ಕಾಣಬಹುದು. ಇನ್ನೊಂದು ಕಡೆ, ಯಾವ ನೋವೂ ಇಲ್ಲದವರಲ್ಲೂ ಪಾದ ಒತ್ತಿದಾಗ ಈ ನಾಳ ಕಿರಿದಾಗುವುದುಂಟು. ಅಂಥವರಿಗೆ ಚಿತ್ರ ನೋಡಿ ಕತ್ತಿ ಹಿಡಿಯಬಾರದು. ನಿಮಗೆ ತೊಂದರೆ ಇದೆ, ಅದಕ್ಕೇ ಆಪರೇಷನ್ ಮಾತು.

ರಕ್ತನಾಳದ ಗೋಡೆ ಇನ್ನೂ ಚೆನ್ನಾಗಿದ್ದರೆ ಕೆಲಸ ಸುಲಭ. ಮಂಡಿಯ ಹಿಂದೆ ಅಥವಾ ಒಳಬದಿಯಲ್ಲಿ ಕೊಯ್ದು, ಒತ್ತುವ ಸ್ನಾಯುವಿನ ಭಾಗವನ್ನು, ನಾರಿನ ಪಟ್ಟಿ ಇದ್ದರೆ ಅದನ್ನೂ ಕತ್ತರಿಸಿ ನಾಳವನ್ನು ಬಿಡಿಸುತ್ತಾರೆ. ಉಳಿದ ಸ್ನಾಯುಗಳು ಕೆಲಸ ನಿಭಾಯಿಸುತ್ತವೆ. ಆದರೆ ವರ್ಷಗಟ್ಟಲೆ ಪೆಟ್ಟು ತಿಂದ ನಾಳ ಒಳಗೆ ಗಾಯವಾಗಿ ಕಿರಿದಾಗುತ್ತದೆ, ಉಬ್ಬುತ್ತದೆ, ಇಲ್ಲವೇ ರಕ್ತ ಹೆಪ್ಪುಗಟ್ಟಿ ಮುಚ್ಚಿಹೋಗುತ್ತದೆ. ಆಗ ಬಿಡಿಸಿದರಷ್ಟೇ ಸಾಲದು. ನಿಮ್ಮದೇ ಕಾಲಿನ ರಕ್ತನಾಳವೊಂದನ್ನು ತೆಗೆದು ಅಲ್ಲಿ ಜೋಡಿಸಬೇಕು, ಅಂದರೆ ಬೈಪಾಸ್. ತಡಮಾಡಬೇಡಿ ಎನ್ನುವುದು ಇದಕ್ಕೇ.

ಅಪಾಯಗಳೂ ಇವೆ. ಹತ್ತಿರದ ನರಕ್ಕೆ ಪೆಟ್ಟು, ರಕ್ತಸ್ರಾವ, ಗಾಯದ ಸೋಂಕು. ಬಿಡಿಸುವ ಆಪರೇಷನ್ ಮಾತ್ರ ಆದರೆ ಬೇಗ ನಡೆಯಬಹುದು. ಓಟಕ್ಕೆ ಮಾತ್ರ ಕೆಲವು ವಾರ, ಕೆಲವೊಮ್ಮೆ ತಿಂಗಳುಗಳೇ ಕಾಯಬೇಕು. ಅವಸರ ಬೇಡ. ಎಡಗಾಲನ್ನೂ ಪರೀಕ್ಷಿಸಿಕೊಳ್ಳಿ, ಈ ತೊಂದರೆ ಎರಡೂ ಕಾಲಲ್ಲಿರುವುದು ಅಪರೂಪವಲ್ಲ. ಅಷ್ಟರಲ್ಲಿ ವಿಶ್ರಾಂತಿಯಲ್ಲೂ ನೋವು ಬಂದು ಪಾದ ತಣ್ಣಗಾಗಿ ಬಿಳಿಚಿಕೊಂಡರೆ, ಆಪರೇಷನ್ ದಿನಾಂಕಕ್ಕೆ ಕಾಯದೆ ಆ ಕ್ಷಣವೇ ಆಸ್ಪತ್ರೆಗೆ ಹೋಗಿ.